ಅಂಗೈಯಗಲದ ಚರ್ಮ

ಪಂಪು ನಡೆದಿದೆ ಎಂಬುದು ಬಾಗಿಲಿಗೆ ಕೈಹಾಕುವ ಮೊದಲೇ ಪ್ರಮಿಳಾಳಿಗೆ ಗೊತ್ತಾಗುತ್ತಿತ್ತು. ಇಪ್ಪತ್ತು ದಿನಗಳಿಂದ ಆ ಸದ್ದು ಅವಳ ಕಿವಿಯಲ್ಲಿ ಬಿಡಾರ ಹೂಡಿತ್ತು: ಮೂರು ಸಣ್ಣ ಉರುಳೆಗಳು ಒಂದರ ಬೆನ್ನಿಗೊಂದು ಮೆತ್ತನೆಯ ನಳಿಗೆಯನ್ನು ಒತ್ತುತ್ತ, ಬಿಡುತ್ತ, ಮತ್ತೆ ಒತ್ತುತ್ತ ಸಾಗುವ, ಮುದುಕರು ನಿದ್ದೆಯಲ್ಲಿ ಬಾಯಿ ಚಪ್ಪರಿಸುವಂಥ ಸದ್ದು. ಬಯೋರಿಯಾಕ್ಟರ್ ಎಂಬ ಹೆಸರು ಕೇಳಿ ನೋಡಲು ಬಂದವರೆಲ್ಲ ಸಕ್ಕರೆ ಕಾರ್ಖಾನೆಯ ಬಾಯ್ಲರಿನಂಥದ್ದೇನನ್ನೋ ಹುಡುಕುತ್ತ ಕೋಣೆಯ ತುಂಬ ಕಣ್ಣಾಡಿಸಿ, ಕೊನೆಗೆ ಬೆಚ್ಚನೆಯ ಕಪಾಟಿನೊಳಗಿನ ಆ ಪೆಟ್ಟಿಗೆಯನ್ನು ತೋರಿಸಿದಾಗ, 'ಇಷ್ಟ ಏನ್ರಿ?' ಎಂದುಬಿಡುತ್ತಿದ್ದರು. ಇಷ್ಟೇ. ಊಟದ ಡಬ್ಬಿಯಷ್ಟು ದೊಡ್ಡ ಪಾರದರ್ಶಕ ಪೆಟ್ಟಿಗೆ, ಅದರೊಳಗೆ ಸೊಳ್ಳೆಪರದೆಗಿಂತ ನವಿರಾದ ಒಂದು ಬಲೆ, ಬಲೆಯ ಮೇಲೆ ಖಾನಾಪುರದ ಗಂಗಾದೇವಿಯವರ ತೊಡೆಯಿಂದ ಅಂಚೆಚೀಟಿಯಷ್ಟು ಕತ್ತರಿಸಿ ತಂದ ಚರ್ಮದ ಜೀವಕೋಶಗಳು. ಒಂದು ಎರಡಾಗಿ, ಎರಡು ನಾಲ್ಕಾಗಿ, ಒಂದನ್ನೊಂದು ತಬ್ಬಿಕೊಂಡು, ಈಗ ಅಂಗೈಯಗಲದ ಹಾಳೆಯಾಗಿದ್ದವು. ನಳಿಗೆಯಲ್ಲಿ ಹರಿದು ಬರುವ ದ್ರವವೇ ಅವುಗಳ ಅನ್ನ. ಹೊಟ್ಟೆ ತುಂಬಿದ್ದರೆ ಅದು ಗುಲಾಬಿ ಬಣ್ಣದಲ್ಲಿರುತ್ತದೆ, ಹಸಿದರೆ ಹಳದಿಗೆ ತಿರುಗುತ್ತದೆ. ಇವತ್ತು ಬೆಳಿಗ್ಗೆ ಗುಲಾಬಿಯೇ ಇತ್ತು. ಪ್ರಮಿಳಾ ಗಾಜಿಗೆ ಹಣೆ ತಾಗಿಸಿ ನಿಂತಳು. ತನ್ನ ಕೈಯಲ್ಲಿ ಒಂದು ಕೆಲಸ ಸರಿಯಾಗಿ ಆಗಿದೆ ಎಂದು ಗೊತ್ತಿರುವವರಿಗೆ ಮಾತ್ರ ಬರುವ ಗಟ್ಟಿತನವೊಂದು ಬೆನ್ನಲ್ಲಿ ನೆಟ್ಟಗೆ ನಿಂತಿತ್ತು.

"ನಿಮ್ಮ ಕೂಸು ಒಂದ ಸಲಾನೂ ಅತ್ತಿಲ್ಲ ಆಪಾ," ಎಂದ ಪಾಳಿ ಮುಗಿಸಿ ಏಪ್ರನ್ ಕಳಚುತ್ತಿದ್ದ ತಾಲಿಬ. ಅವನು ರವಿವಾರ ಪೇಟೆಯ ಒಣಮೆಣಸಿನಕಾಯಿ ವ್ಯಾಪಾರಿಗಳ ಮನೆಯವನು. ಸೀನು ಬಾರದ ಕೆಲಸ ಬೇಕೆಂದು ಈ ಪ್ರಯೋಗಾಲಯಕ್ಕೆ ಬಂದೆ ಎಂದು ಎಲ್ಲರಿಗೂ ಹೇಳುತ್ತಿದ್ದ. "ನಾಳೆ ಬೀಗರ ಮನಿಗಿ ಕಳಸೂದದ. ನೀವು ಅಳಬ್ಯಾಡ್ರಿ ಮತ್ತ."

"ನಾ ಯಾಕ ಅಳಲಿ? ಅಳೂ ಪಾಳಿ ಬೀಗರದು."

"ಅರೇ, ಭಾಳ ಖಾರ ಅದೀರಲ್ಲ ಇವತ್ತ. ನಮ್ಮಪ್ಪನ ಅಂಗಡ್ಯಾಗ ಇಟ್ರ ಒಂದ ತಾಸಿಗಿ ಖಾಲಿ ಆಗ್ತೀರಿ."

ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಪ್ರಸಾದ ಒಳ್ಳೆಯವರು. ಟಿಳಕವಾಡಿಯ ಅವರ ಮನೆಯಲ್ಲಿ ಅವಳು ಎರಡು ಸಲ ಊಟ ಮಾಡಿದ್ದಳು; ಎರಡೂ ಸಲ ಅವರು ತಮ್ಮ ತಾಟಿನ ಪಕ್ಕದಲ್ಲೇ ಅವಳ ತಾಟು ಇಡಿಸಿದ್ದರು, ಇಡಿಸಿದ್ದನ್ನು ಅವಳು ಗಮನಿಸಿದಳೋ ಇಲ್ಲವೋ ಎಂದು ಊಟ ಮುಗಿಯುವವರೆಗೂ ಗಮನಿಸಿದ್ದರು. ಅವರು ಕಾಗದಗಳನ್ನು ಮುಂದಿಟ್ಟರು. "ಇವತ್ತ ಎರಡು ಕೆಲಸ, ಪ್ರಮಿಳಾ. ಒಪ್ಪಿಗಿ ಪತ್ರಕ್ಕ ಸಹಿ, ಗಾಯದ ಅಚ್ಚು. ಸಂಜಿ ಐದರೊಳಗ ಎರಡೂ ಇಲ್ಲಿರಬೇಕು. ಇಲ್ಲಾಂದ್ರ ನಾಳೆ ಆಪರೇಶನ್ ಇಲ್ಲ, ಆ ಹಾಳಿ ಇನ್ನೊಂದಿನ ತಡಿಯೂದಿಲ್ಲ." ಅವಳಿಗೆ ಗೊತ್ತಿತ್ತು. ಇದು ಈ ಪೆಟ್ಟಿಗೆಯಿಂದ ಮನುಷ್ಯರ ಮೈಗೆ ಹೋಗಲಿರುವ ಮೊದಲ ಚರ್ಮ. ಗಂಗಾದೇವಿಯವರಿಗೆ ಅರವತ್ತೆಂಟು, ಸಕ್ಕರೆ ಕಾಯಿಲೆ. ಕರಿಗಡಬು ಕರಿಯುವಾಗ ಕಾದ ಎಣ್ಣೆ ಎಡಗಾಲಿನ ಮೀನಖಂಡದ ಮೇಲೆ ಬಿದ್ದು ನಾಲ್ಕು ತಿಂಗಳಾದರೂ ಗಾಯ ಮಾಯುತ್ತಿಲ್ಲ. ಇದೂ ಹಿಡಿಯದಿದ್ದರೆ ಮೊಣಕಾಲ ಕೆಳಗೆ ಕತ್ತರಿಸಬೇಕಾಗಬಹುದು ಎಂದು ಸರ್ಜನ್ ಬರೆದಿದ್ದರು. ಪ್ರಮಿಳಾ ಕಾಗದ ತೆಗೆದುಕೊಂಡು ಎದ್ದಳು. ಪ್ರಸಾದ ಕನ್ನಡಕ ತೆಗೆದು ಒರೆಸತೊಡಗಿದರು.

"ಮತ್ತ... ಹಳೇ ಮಂದಿ. ನೀ ತಪ್ಪ ತಿಳ್ಕೋಬ್ಯಾಡ. ಕೊರಳಾಗಿನ ಕಾರ್ಡ್ ಬ್ಯಾಗಿನ್ಯಾಗ ಇಟ್ಕೊಂಡ್ರ ಕೆಲಸ ಹಗುರ ಆಗ್ತದ. ಹೆಸರೊಂದ ಸಾಕಲ್ಲ, ಅಡ್ಡಹೆಸರ್ಯಾಕ?"

'ಪ್ರಮಿಳಾ ಸಾತವ್ವ ಮಾದರ' ಎಂದಿತ್ತು ಕಾರ್ಡಿನಲ್ಲಿ.

"ಬ್ಯಾಗಿನ್ಯಾಗ ಜಾಗಾ ಇಲ್ರಿ ಸರ್," ಎಂದು ಅವಳು ಹೊರಟಳು.

ಖಾನಾಪುರದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಂಡಕ್ಟರ್ ಹಿಂದಿನವರನ್ನು ಮರಾಠಿಯಲ್ಲಿ, ಮುಂದಿನವರನ್ನು ಕನ್ನಡದಲ್ಲಿ ಬೈಯುತ್ತ, ನಡುವಿನವರ ಮುಖ ನೋಡಿ ಯಾವುದರಲ್ಲಿ ಬೈಯಬೇಕೆಂದು ಅರೆಕ್ಷಣ ತಡೆಯುತ್ತ ಬಂದ. ತೊಡೆಯ ಮೇಲಿನ ಬ್ಯಾಗಿನಲ್ಲಿ ಕೈಗವಸು, ಶುದ್ಧಮಾಡಿದ ಪಟ್ಟಿ, ಗಾಯದ ಮೇಲಿಟ್ಟು ಅಂಚು ಗೀರಲು ಪಾರದರ್ಶಕ ಹಾಳೆ, ಪೆನ್ನು. ಕಾರ್ಡು ಕೊರಳಲ್ಲೇ ತೂಗುತ್ತಿತ್ತು. ಆ ಮನೆಯಲ್ಲಿ ಏನೆಂದು ಕರೆಯಬೇಕು? ಅವ್ವ ಸಾತವ್ವ ಹಂಚಿನ ಕಾರ್ಖಾನೆಯಲ್ಲಿ ಮಾಲಕರ ಹೆಂಡತಿಯನ್ನು 'ಅವ್ವಾರ' ಎನ್ನುತ್ತಿದ್ದಳು, ಅರ್ಧ ಬಗ್ಗಿ. ಪ್ರಮಿಳಾ ಹೆಸರು ಹಿಡಿದೇ ಕರೆಯುವುದೆಂದು ನಿಶ್ಚಯಿಸಿದಳು: ಗಂಗಾದೇವಿಯವರ, ಇದು ನಿಮ್ಮ ಚರ್ಮ, ನಿಮ್ಮದೇ. ಆದರ ಇಪ್ಪತ್ತು ದಿನ ಅದು ಉಂಡದ್ದು ಬೇರೆಯವರ ರಕ್ತ. ಆಗ ಮುದುಕಿಯ ಮುಖ ಹೇಗಾದೀತು? ಕೆಂಪು ಕಣಗಳನ್ನು ತೆಗೆದ ಮೇಲೆ ಉಳಿಯುವ ತಿಳಿ ಅದು, ಸೀರಮ್ಮು. ಎಬಿ ಗುಂಪಿನವರದಾದರೆ ಯಾರ ಕೋಶಕ್ಕೂ ಹೊಂದುತ್ತದೆ. ರೋಗಿಯದೇ ತೆಗೆಯೋಣವೆಂದರೆ ಅವರು ಮೊದಲೇ ನಿತ್ರಾಣ. ರಕ್ತನಿಧಿಯಲ್ಲಿ ಆ ವಾರ ಎಬಿ ಇರಲಿಲ್ಲ. 'ಇಲ್ಲಿ ಯಾರರೆ ಎಬಿ ಅದೀರೇನು?' ಎಂದು ಪ್ರಸಾದ ಕೇಳಿದಾಗ ಕೈ ಎತ್ತಿದವಳು ಅವಳೊಬ್ಬಳೇ. ಎಲ್ಲ ತಪಾಸಣೆ ಆಯಿತು, ಕಾಗದಕ್ಕೆ ಸಹಿ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಇನ್ನೂ ಚುಚ್ಚುತ್ತದೆ. ಯಾಕೆಂದರೆ ಕೈ ಎತ್ತುವ ಹಿಂದಿನ ದಿನವೇ ಆಸ್ಪತ್ರೆಯಲ್ಲಿ ಅವಳು ಗಂಗಾದೇವಿಯವರನ್ನು ಕಂಡಿದ್ದಳು.

ಕಂಡದ್ದಾದರೂ ಎಷ್ಟು? ಒಂದು ನಿಮಿಷ. ತೊಡೆಯ ಚೂರು ತೆಗೆಯುವ ಮೊದಲು ತುಂಬಬೇಕಾದ ಕಾಗದವನ್ನು ಅವಳು ಮುಂದೆ ಚಾಚಿದ್ದಳು. ಮುದುಕಿಯ ಕಣ್ಣು ಕೊರಳ ಕಾರ್ಡಿನ ಮೇಲೆ ಹಾದು, ಕಾಗದದ ಮೇಲೆ ಬಂದು, 'ಅಲ್ಲೇ ಇಡವ್ವಾ' ಎಂದಿತು. ಬಾಯಿಗಿಂತ ಮೊದಲು ಕಣ್ಣೇ ಅಂದಿತು. ಮೇಜಿನ ಮೇಲೆ ಇಟ್ಟಳು. ಅವಳು ಕೈ ಹಿಂತೆಗೆದ ಮೇಲೆ ಮುದುಕಿ ಎತ್ತಿಕೊಂಡರು. ಅಷ್ಟೇ. ಕೈಯಲ್ಲಿ ಸಲೈನಿನ ಸೂಜಿ ಇತ್ತು, ಅದಕ್ಕಾಗಿಯೇ ಇರಬಹುದು. ಇರಬಹುದು. ಈ 'ಇರಬಹುದು' ಎಂಬುದೇ ಈ ಕಾಲದವರು ಕಂಡುಹಿಡಿದ ಹೊಸ ಆಯುಧ. ಹಿಂದಿನವರು ನೇರ ಬೈಯುತ್ತಿದ್ದರು, ಬೈಸಿಕೊಂಡವರಿಗೆ ಕನಿಷ್ಠ ತಮಗೆ ಏನಾಯಿತೆಂದಾದರೂ ಗೊತ್ತಾಗುತ್ತಿತ್ತು. ಈಗ ಹೊಡೆತ ತಿಂದವರೇ ಇಪ್ಪತ್ತು ದಿನ ತಲೆಕೆಡಿಸಿಕೊಂಡು, ಹೊಡೆದವರ ಪರವಾಗಿ ತಾವೇ ವಾದಿಸಬೇಕು. ಸೂಜಿ ಇದ್ದದ್ದು ಎಡಗೈಯಲ್ಲೋ ಬಲಗೈಯಲ್ಲೋ? ಎಷ್ಟು ಸಲ ನೆನೆದರೂ ಒಮ್ಮೆ ಎಡಗೈಯಲ್ಲಿ ಕಾಣುತ್ತಿತ್ತು, ಇನ್ನೊಮ್ಮೆ ಬಲಗೈಯಲ್ಲಿ. ಮರುದಿನ ರಕ್ತ ಕೊಡಲು ಮಲಗಿದಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಕರುಣೆಯಲ್ಲ. ತಗೋ, ನನ್ನನ್ನು ನಿನ್ನ ಮೈಮೇಲೆ ಹೊತ್ತುಕೊಂಡು ತಿರುಗು, ಎಂಬ ಒಂದು ಬಿಸಿ. ಕೋಶಗಳಿಗೆ ಅದೇನು ಗೊತ್ತು? ಅವು ಉಂಡವು, ಬೆಳೆದವು. ದಿನಾ ಅವುಗಳನ್ನು ನೋಡುತ್ತ ನೋಡುತ್ತ ಅವಳಿಗೆ ಅವುಗಳ ಮೇಲೆ ಮೋಹ ಬಂದದ್ದೂ ಸುಳ್ಳಲ್ಲ, ಕೊಟ್ಟ ಕಾರಣ ನೆನೆದು ನಾಚಿಕೆಯಾದದ್ದೂ ಸುಳ್ಳಲ್ಲ.

ಪೀರನವಾಡಿ ದಾಟಿತು. ಕಾರ್ಖಾನೆಯ ಆ ದಿನಗಳಲ್ಲಿ ಅವ್ವ ಹಸಿ ಹಂಚುಗಳನ್ನು ಎದೆಗವಚಿಕೊಂಡು ಓಡಾಡುತ್ತಿದ್ದಳು; ಮೊಣಕೈವರೆಗೆ ಕೆಂಪು ಮಣ್ಣು. ಹಬ್ಬಕ್ಕೆ ಮಾಲಕರ ಮನೆಯಿಂದ ಹೋಳಿಗೆ ಬರುತ್ತಿತ್ತು. ಹೆಂಗಸರು ಸಾಲಾಗಿ ನಿಂತು ಸೆರಗೊಡ್ಡಬೇಕು, ಮೇಲಿಂದ ಬೀಳುತ್ತದೆ. ಎಂಟು ವರ್ಷದ ಪ್ರಮಿಳಾಗೆ ಸೆರಗಿರಲಿಲ್ಲ, ಕೈಯೊಡ್ಡಿದಳು. ಕೈ ಇನ್ನಷ್ಟು ಮೇಲಕ್ಕೊಯ್ದಳು, ಹೋಳಿಗೆ ಮುಟ್ಟುವಷ್ಟು. ಫಟ್ಟೆಂದು ಬಿತ್ತು ಏಟು, ಅವ್ವನದು, ಅವಳ ಕೈಮೇಲೆ. ಕೊಡುವವರು ನಕ್ಕರು: 'ಸಣ್ಣದ ಬಿಡ ಸಾತವ್ವಾ, ತಿಳಿಯೂದಿಲ್ಲ.' ಮನೆಗೆ ಬಂದ ಮೇಲೆ ಅವ್ವ ಅದೇ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೊಬ್ಬರಿ ಎಣ್ಣೆ ಸವರಿದಳು. ಪ್ರಮಿಳಾ ಅವ್ವನ ಎಲ್ಲವನ್ನೂ ಕ್ಷಮಿಸಿದ್ದಾಳೆ, ಆ ಒಂದು ಏಟನ್ನು ಬಿಟ್ಟು. ಕ್ಷಮಿಸದೆ ಉಳಿದದ್ದಕ್ಕೆ ಅವ್ವ ಸತ್ತು ಆರು ವರ್ಷವಾದ ಮೇಲೂ ಎದೆಯಲ್ಲಿ ಮುಳ್ಳಾಡುತ್ತದೆ. 'ಖಾನಾಪುರ, ಖಾನಾಪುರ, ಚಲಾ ಉತರಾ, ಇಳೀರಿ' ಎಂದ ಕಂಡಕ್ಟರ್.

ಬಾಗಿಲು ತೆರೆದವಳು ಸೊಸೆ ಸಮೃದ್ಧಿ. "ಬರ್ರಿ ಮ್ಯಾಡಂ, ಒಳಗ ಬರ್ರಿ. ಅತ್ತಿ ಬೆಳಿಗ್ಗಿಂದ ನಿಮ್ಮ ಹಾದಿನ ನೋಡಾಕತ್ತಾರ." ಪಡಸಾಲೆಯ ಮಂಚದ ಮೇಲೆ ಗಂಗಾದೇವಿ ದಿಂಬಿಗೊರಗಿ ಕುಳಿತಿದ್ದರು. ಮಿಂದು ಪೂಜೆ ಮುಗಿದಿತ್ತು. ಹಣೆಯ ವಿಭೂತಿ ಇನ್ನೂ ಬೆಳ್ಳಗಿತ್ತು. ಎಡಗಾಲು ಹಳೆಯ ಪಟ್ಟಿಯಲ್ಲಿ ಸುತ್ತಿ ಚಾಚಿತ್ತು. ಮಂಚದಿಂದ ಎರಡು ಮಾರು ದೂರದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಇದನ್ನು ಯಾವಾಗ ಇಟ್ಟರು, ಇವತ್ತೇ ಇಟ್ಟರೋ, ದಿನಾ ಅಲ್ಲೇ ಇರುತ್ತದೋ? ಮತ್ತೆ ಶುರುವಾಯಿತು 'ಇರಬಹುದು'ಗಳ ಲೆಕ್ಕ. ಪ್ರಮಿಳಾ ಕುಳಿತು ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದತೊಡಗಿದಳು. ಒಂದೊಂದು ಸಾಲಿಗೂ ನಿಂತು ಬಿಡಿಸಿ ಹೇಳಿದಳು. ಚರ್ಮ ಹಿಡಿಯಬಹುದು, ಹಿಡಿಯದೆಯೂ ಇರಬಹುದು. ನೋವು ಇಷ್ಟು ದಿನ. ಬೇಡವೆಂದರೆ ಯಾವಾಗ ಬೇಕಾದರೂ ಬೇಡವೆನ್ನಬಹುದು. ಆರನೆಯ ಸಾಲಿಗೆ ಬಂದಾಗ ಅವಳ ದನಿ ತಾನೇ ಗಟ್ಟಿಯಾಯಿತು.

"ಗಂಗಾದೇವಿಯವರ, ಇದನ್ನ ಲಕ್ಷ್ಯಗೊಟ್ಟು ಕೇಳ್ರಿ. ಈ ಚರ್ಮ ಬೆಳಸಾಕ ಮನುಷ್ಯರ ರಕ್ತದ ತಿಳಿ ಹಾಕೇವಿ. ನಿಮ್ಮದಲ್ಲ, ಬ್ಯಾರೇದವರದು."

"ಯಾರದು?"

"ಕೊಟ್ಟವರ ಹೆಸರು ಹೇಳೂ ಹಂಗಿಲ್ರಿ. ಯಾವ ಜಾತಿಯವರದೂ ಇರಬಹುದು. ಬ್ಯಾಡ ಅನ್ನೂ ಹಕ್ಕು ನಿಮಗೈತಿ."

ಅವಳು ಕಾದಳು. ಬಸ್ಸಿನುದ್ದಕ್ಕೂ ಅಣಿಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ನಾಲಗೆಯ ಹಿಂದೆ ಸಾಲುಗಟ್ಟಿ ನಿಂತಿದ್ದವು. ಗಂಗಾದೇವಿ ಕೈ ಬೀಸಿದರು, ನೊಣ ಓಡಿಸುವಂತೆ.

"ಅಯ್ಯ, ಯಾರದಾದ್ರೇನ ಬಿಡ. ರಕ್ತದಾಗೇನೈತಿ, ಎಲ್ಲಾರದೂ ಕೆಂಪ. ನಮ್ಮ ಧರ್ಮದಾಗ ಜಾತಿ ಎಲ್ಲೈತಿ? ನಮ್ಮ ಮಾವನವರು ಆಗಿನ ಕಾಲಕ್ಕ ವಚನಾ ಹೇಳಿ ಮಂದೀನ ಅಳಸ್ತಿದ್ರು. ಎಲ್ಲಿ ಸಹಿ ಮಾಡ್ಲಿ ಹೇಳು."

ಸಾಲುಗಟ್ಟಿದ್ದ ಮಾತುಗಳು ಒಂದರ ಮೇಲೊಂದು ಬಿದ್ದುವು. ಅವಳು ಬೇರೆಯೇ ಬಾಗಿಲಿಗೆ ಕಾವಲು ಕುಳಿತಿದ್ದಳು. ರಕ್ತವನ್ನು ಇವರು ಯಾವತ್ತು ಬೇಡವೆಂದಿದ್ದಾರೆ? ಅವ್ವನ ಬೆನ್ನಿನಿಂದ, ಸೊಂಟದಿಂದ ದಿನಾ ಒಂದಿಷ್ಟು ತೆಗೆದುಕೊಳ್ಳುತ್ತಲೇ ಇದ್ದರಲ್ಲ ಇಂಥವರೇ. ಅದು ಯಾರದೆಂದು ಕೇಳುವ ಕಷ್ಟವನ್ನೂ ತೆಗೆದುಕೊಳ್ಳದೆ. ಮುಖವಿಲ್ಲದೆ ಬಂದರೆ ಎಲ್ಲವೂ ನಡೆಯುತ್ತದೆ. ಪ್ರಮಿಳಾಗೆ ನಗು ಬಂತು, ತನ್ನ ಮೇಲೆಯೇ. ಇಪ್ಪತ್ತು ದಿನ ಹಲ್ಲು ಕಚ್ಚಿ ಕಾಪಿಟ್ಟುಕೊಂಡ ಸೇಡನ್ನು ಮುದುಕಿ ಹೋಳಿಗೆಯಂತೆ ತಿಂದು ಮುಗಿಸಿದ್ದರು.

"ಮೊದಲ ಗಾಯದ ಅಚ್ಚು ತಗೋತೀನ್ರಿ," ಎಂದು ಎದ್ದು ಕೈಗವಸು ಹಾಕಿಕೊಂಡು, ಮಂಚದ ಬಳಿ ಮೊಣಕಾಲೂರಿದಳು.

ಕಾಲು ಹಿಂದಕ್ಕೆ ಸರಿಯಿತು. ನಾಲ್ಕು ತಿಂಗಳಿಂದ ಅಲ್ಲಾಡಿಸಲಾಗದ ಕಾಲು.

"ಸಮೃದ್ಧಿ, ನೀ ತಗೋ ಬಾ," ಎಂದರು ಗಂಗಾದೇವಿ. "ಇಕಿ ಅಲ್ಲಿ ಕುಂತು ಹೆಂಗಂತ ಹೇಳ್ತಾಳ. ನೀ ಗೀರು."

"ನನಗ ಬರೂದಿಲ್ರಿ ಅತ್ತಿ. ನನಗದನ್ನ ನೋಡಿದ್ರ ತಲಿ ತಿರಗ್ತೈತಿ," ಎಂದಳು ಸಮೃದ್ಧಿ. ಆಮೇಲೆ ಮೆಲ್ಲಗೆ, "ಅವರು ಗ್ಲೌಸ್ ಹಾಕ್ಕೊಂಡಾರ್ರಿ."

"ನನಗ ಕಣ್ಣಿಲ್ಲೇನು? ಕಾಣಸ್ತೈತಿ."

ಪ್ರಮಿಳಾಗೆ ವಿಚಿತ್ರವಾದ ನಿರಾಳವೊಂದು ಮೈಯೆಲ್ಲ ಇಳಿಯಿತು. ಸೂಜಿ ಯಾವ ಕೈಯಲ್ಲಿತ್ತು ಎಂದು ಇನ್ನು ಮುಂದೆ ನೆನೆಯಬೇಕಿಲ್ಲ. ಕುರ್ಚಿಯನ್ನು ಯಾವಾಗ ಇಟ್ಟರೆಂದು ಅಳೆಯಬೇಕಿಲ್ಲ. ರಕ್ತ ನಡೆಯುತ್ತದೆ, ಕೈ ನಡೆಯುವುದಿಲ್ಲ. ಎಷ್ಟು ಸರಳ! ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಸೊಸೆಗೆ ಹೇಳಿಕೊಟ್ಟು, ಹೇಗೋ ಒಂದು ಅಂಕುಡೊಂಕಿನ ಗೆರೆ ಎಳೆಸಿಕೊಂಡು, ನಾಲ್ಕರ ಬಸ್ಸು ಹಿಡಿಯಬಹುದು. ಪ್ರಸಾದ ಬೆನ್ನು ತಟ್ಟುತ್ತಾರೆ, ಜಾಣತನದಿಂದ ಕೆಲಸ ಮಾಡಿಕೊಂಡು ಬಂದೆ ಎನ್ನುತ್ತಾರೆ. ಅವ್ವನಾದರೆ ಹಾಗೇ ಮಾಡುತ್ತಿದ್ದಳು. ಇಲ್ಲವೆಂದರೆ ಬೆಳಗಾವಿಯಲ್ಲಿ ಆ ಗುಲಾಬಿ ನಾಡಿದ್ದಿಗೆ ಹಳದಿಯಾಗುತ್ತದೆ, ಹಾಳೆ ಅಂಚಿನಿಂದ ಸುರುಳಿಯಾಗುತ್ತ ಸಾಯುತ್ತದೆ, ಈ ಕಾಲೂ ಹೋಗಬಹುದು. ಒಂದು ಕಾಲು, ತನ್ನ ಒಂದು ಮಾತು. ಯಾವುದು ದೊಡ್ಡದು? ಕೇಳಿಕೊಂಡಳು, ಆದರೆ ಆ ಪ್ರಶ್ನೆಯನ್ನು ತನಗೇ ಯಾಕೆ ಕೇಳಬೇಕು? ಕಾಲು ಅವರದು. ಅವರೇ ತೂಗಲಿ. ಅವಳು ಮೊಣಕಾಲ ಮೇಲಿಂದ ಎದ್ದು, ಮಂಚದ ಅಂಚಿನ ಮೇಲೆ, ಗಂಗಾದೇವಿಯವರ ಪಾದದ ಪಕ್ಕದಲ್ಲಿ, ನೆಟ್ಟಗೆ ಕುಳಿತಳು.

"ದೂರ ಕುಂತು ಹೇಳಾಕ ನಾ ಬಂದಿಲ್ರಿ. ಯಾಕಂತ ಹೇಳ್ತೀನಿ, ಕೇಳ್ರಿ. ಗಾಯದ ಅಂಚು ಎಲ್ಲಿ ಸತ್ತೈತಿ ಎಲ್ಲಿ ಜೀವಂತ ಐತಿ ಅನ್ನೂದು ಕಣ್ಣಿಗಿ ಕಾಣೂದಿಲ್ಲ, ಬೆರಳಿಲೆ ಒತ್ತಿ ನೋಡಬೇಕು. ಅದನ್ನ ಕಲಿಯಾಕ ನನಗ ಏಳು ವರ್ಷ ಹಿಡೀತು. ಅರ್ಧ ಬೆರಳ ತಪ್ಪಿದ್ರ ಚರ್ಮಾ ಹಿಡಿಯೂದಿಲ್ಲ. ಇದು ಒಂದು."

"ಮತ್ತೊಂದೇನು?"

"ಮತ್ತೊಂದು, ನನಗ ಅವಮಾನ ಆಗ್ತೈತಿ."

ಅವಮಾನ. ಆ ಶಬ್ದ ಅಂಥ ಪಡಸಾಲೆಗಳಲ್ಲಿ ನುಂಗಿದ್ದೇ ಹೆಚ್ಚು, ಉಗುಳಿದ್ದು ಕಡಿಮೆ. ಹೇಳುವಾಗ ದನಿ ನಡುಗಬಹುದೆಂದು ಅಂಜಿದ್ದಳು. ನಡುಗಲಿಲ್ಲ. ಬಸ್ಸಿನ ಟಿಕೀಟು ಕೇಳಿದಷ್ಟು ಸಾದಾ ಬಂತು.

"ನಾ ಏನಂದೆ ನಿನಗ?" ಗಂಗಾದೇವಿಯವರ ಕತ್ತು ಕೆಂಪಾಗಿತ್ತು. "ಏನರೆ ಅಂದೆನೇನು? ಸಮೃದ್ಧಿ, ನೀನ ಹೇಳು, ನಾ ಒಂದ ಶಬ್ದ ಅಂದೆನೇನು?"

"ಬಾಯಿಲೆ ಅನಲಿಲ್ರಿ ಅತ್ತಿ," ಎಂದಳು ಸಮೃದ್ಧಿ.

"ಹಾಂ?"

"ಕಾಲ ಅಂತು. ಹಿಂದಕ್ಕ ತಗೊಂಡ್ರಲ್ಲ."

ಮುದುಕಿ ಸೊಸೆಯನ್ನು ಹೊಸದಾಗಿ ಕಂಡವರಂತೆ ನೋಡಿದರು. ಹೊರಗೆ ಯಾರೋ ಮರಾಠಿಯಲ್ಲಿ ಪಾತ್ರೆ ಮಾರಿಕೊಂಡು ಹೋದರು. ಪ್ರಮಿಳಾ ಅವಸರಿಸಲಿಲ್ಲ. ಕೈಗವಸಿನ ಕೈಗಳನ್ನು ಏನೂ ತಾಗದಂತೆ ಎದೆಯ ಮುಂದೆ ಹಿಡಿದುಕೊಂಡು ಕುಳಿತಳು. ಕೆಲಸಕ್ಕೆ ಕುಳಿತವರು ಕೂರುವ ರೀತಿ. ಗಂಗಾದೇವಿ ಹಣೆ ಒರೆಸಿಕೊಂಡರು, ಬೆರಳಿಗೆ ವಿಭೂತಿ ಬಂತು, ಅದನ್ನು ಏನು ಮಾಡಬೇಕೆಂದು ತಿಳಿಯದೆ ನೋಡಿದರು. ಆಮೇಲೆ ಸೀರೆಯ ಅಂಚನ್ನು ತಾವೇ ಹಿಡಿದು, ಮೊಣಕಾಲವರೆಗೆ ಎಳೆದುಕೊಂಡರು. ಮುಖ ಗೋಡೆಯ ಕಡೆ.

"ಮಾಡು," ಎಂದರು.

ಪಟ್ಟಿ ಬಿಚ್ಚಿದಾಗ ವಾಸನೆ ಬಂತು. ಸಮೃದ್ಧಿ ಸೆರಗು ಮೂಗಿಗೊತ್ತಿ ಅಡುಗೆಮನೆಗೆ ಓಡಿದಳು. ಪ್ರಮಿಳಾ ಬಗ್ಗಲಿಲ್ಲ, ಮೂಗು ತಿರುಗಿಸಲೂ ಇಲ್ಲ. ಬಲಗೈ ಹೆಬ್ಬೆರಳನ್ನು ಗಾಯದ ಅಂಚಿಗಿಟ್ಟು ಒತ್ತಿದಳು. ಬೆಳ್ಳಗಾಗಿ, ಬಿಟ್ಟಾಗ ನಿಧಾನಕ್ಕೆ ಕೆಂಪೇರಿತು. ಜೀವ ಇದೆ. ಇನ್ನೊಂದು ಕೂದಲೆಳೆ ಒಳಗೆ ಒತ್ತಿದಳು. ಬಿಳಿ ಬಿಳಿಯಾಗಿಯೇ ಉಳಿಯಿತು. ಇಲ್ಲಿ ಇಲ್ಲ. ಕೈಗವಸಿನ ತೆಳು ರಬ್ಬರಿನಾಚೆ ಆ ಕಾಲು ಜ್ವರದಂತೆ ಸುಡುತ್ತಿತ್ತು. ಮನಸ್ಸಿನಲ್ಲಿ ಗೆಲುವು ಇರಲಿಲ್ಲ, ಸೇಡೂ ಇರಲಿಲ್ಲ. ಒತ್ತು, ಬಿಡು, ಗೀರು, ಅಷ್ಟೇ ಇತ್ತು. ಹಾಳೆಯ ಮೇಲೆ ಗೆರೆ ಎಲ್ಲೂ ತಡವರಿಸದೆ ಸುತ್ತಿ ಬಂದು ತನ್ನ ಮೊದಲನ್ನು ಕೂಡಿಕೊಂಡಿತು. ಅಂಗೈಗಿಂತ ತುಸು ಕಿರಿದು. ಪೆಟ್ಟಿಗೆಯಲ್ಲಿನ ಚರ್ಮ ಸಾಕಾಗುತ್ತದೆ. ಗಂಗಾದೇವಿ ಒಮ್ಮೆಯೂ ನರಳಲಿಲ್ಲ; ಒಂದು ಸಲ ಮಾತ್ರ, ನೋವು ಹೆಚ್ಚಾದಾಗ, ಅವರ ಕೈ ತನ್ನಷ್ಟಕ್ಕೆ ಗಾಳಿಯಲ್ಲಿ ಏನನ್ನೋ ಹಿಡಿಯಲು ಬಂದು, ಪ್ರಮಿಳಾಳ ಭುಜದ ಮೇಲೆ ಒಂದು ಗೇಣು ದೂರದಲ್ಲಿ ನಿಂತು, ಹಿಂದಿರುಗಿ ಮಂಚದ ಪಟ್ಟಿ ಹಿಡಿಯಿತು. ಅವಳು ಅದನ್ನು ಕಂಡಳು. ಕೆಲಸ ನಿಲ್ಲಿಸಲಿಲ್ಲ. ಔಷಧಿ ಹಚ್ಚಿ ಹೊಸ ಪಟ್ಟಿ ಸುತ್ತಿದಳು.

ಒಪ್ಪಿಗೆ ಪತ್ರವನ್ನು ಚಾಚಿದಳು. ಮಂಚದ ಮೇಲೆ ಇಡಲಿಲ್ಲ, ಕೈಯಲ್ಲೇ ಹಿಡಿದಳು. ಗಂಗಾದೇವಿ ಒಂದು ಗಳಿಗೆ ತಡೆದು ಅವಳ ಕೈಯಿಂದಲೇ ತೆಗೆದುಕೊಂಡು, ಶಾಲೆಯ ಮಕ್ಕಳ ದುಂಡು ಅಕ್ಷರದಲ್ಲಿ ಹೆಸರು ಬರೆದರು.

"ನಾಳೆ ಎಂಟಕ್ಕ ದವಾಖಾನ್ಯಾಗ ಇರಬೇಕ್ರಿ," ಎಂದಳು ಪ್ರಮಿಳಾ ಅಚ್ಚಿನ ಹಾಳೆಯನ್ನು ಸುತ್ತುತ್ತ. "ಅಲ್ಲಿ ಪಟ್ಟಿ ಬಿಚ್ಚೂದೂ ನಾನ, ಮುಂದ ಏಳು ದಿನ ಕಟ್ಟೂದೂ ನಾನ."

"ಹ್ಞೂಂ." ಗಂಗಾದೇವಿ ಇನ್ನೂ ಏನೋ ಕೇಳಬೇಕಾದವರಂತೆ ಸೆರಗಿನ ತುದಿ ತಿರುವಿದರು. ಸಮೃದ್ಧಿ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತಿದ್ದಳು. "ಈಗ... ಈಗ ನಾ ಸ್ನಾನಾ ಮಾಡಬಹುದಲಾ?"

ಸಮೃದ್ಧಿ ತಲೆ ತಗ್ಗಿಸಿದಳು. ಮೂರು ಗಂಟೆ ಮಧ್ಯಾಹ್ನ. ಬೆಳಿಗ್ಗೆ ಮಿಂದ ಮೈ. ಇಲ್ಲವೆಂದುಬಿಡಬಹುದಿತ್ತು, ಎಂಟು ದಿನ ಸ್ನಾನ ಕೂಡದು ಎಂದರೆ ಈ ಮನೆಯಲ್ಲಿ ಯಾರು ಪ್ರಶ್ನೆ ಮಾಡುತ್ತಿದ್ದರು? ಮುದುಕಿ ಅವಳ ಸ್ಪರ್ಶವನ್ನು ಮೈಮೇಲೆ ಹೊತ್ತುಕೊಂಡು, ಪೂಜೆಯಿಲ್ಲದೆ, ಊಟ ಗಂಟಲಲ್ಲಿ ಇಳಿಯದೆ ಕೂರಬೇಕಾಗುತ್ತಿತ್ತು. ಆ ಸುಳ್ಳು ನಾಲಗೆಯ ತುದಿಯವರೆಗೆ ಸಿಹಿಯಾಗಿ ಬಂತು. ಪ್ರಮಿಳಾ ಅದನ್ನು ಅಲ್ಲೇ ಬಿಟ್ಟಳು. ತನ್ನ ವಿದ್ಯೆಯನ್ನು ಇಷ್ಟು ಅಗ್ಗಕ್ಕೆ ಮಾರುವ ಅಗತ್ಯ ಅವಳಿಗಿರಲಿಲ್ಲ. ಖರೆಯೇ ಸಾಕಿತ್ತು.

"ಮಾಡ್ರಿ," ಎಂದಳು. "ತಲಿ ಮ್ಯಾಲಿಂದ ಹಾಕ್ಕೊಳ್ರಿ. ಎಷ್ಟ ಕೊಡ ಬೇಕಾದ್ರೂ ಹಾಕ್ಕೊಳ್ರಿ. ನಾ ಮುಟ್ಟಿದ ಕಾಲಿಗಿ ಮಾತ್ರ ಒಂದ ಹನಿ ನೀರೂ ತಾಗಬಾರದು."